ಎನಿಮಿ ಬುದ್ಧಿವಂತ ಆದ್ರೆ ಸಾಕಾ? ಆನ್‌ಲೈನ್ ಆರ್‌ಪಿಜಿ ಫೈಟ್‌ಗಳು ಯಾಕೆ ಮಜಾ ಕೊಡತ್ವೆ

ಬೆಂಗ್ಳೂರಲ್ಲಿ ಈಗ ಯಾವ ಟೀ ಅಂಗಡಿ ಮುಂದೆ ನಿಂತ್ರೂ ಎಐ ಮಾತೇ ಕಿವಿಗೆ ಬೀಳತ್ತೆ, ಹಾಗಾಗಿ ಗೇಮ್ ಆಡೋರ ಮಧ್ಯೆ ಈ ಪ್ರಶ್ನೆ ಪದೇ ಪದೇ ಬರ್ತಾ ಇರತ್ತೆ: ಇಷ್ಟೆಲ್ಲ ಟೆಕ್ನಾಲಜಿ ಬಂದಿದೆ, ಆದ್ರೂ ಆನ್‌ಲೈನ್ ಆರ್‌ಪಿಜಿಗಳಲ್ಲಿ (ಒಂದು ಪಾತ್ರ ಆಗಿ ಆಡ್ತಾ ಅದನ್ನ ಬೆಳೆಸ್ಕೊಂಡು ಹೋಗೋ ಗೇಮ್‌ಗಳಲ್ಲಿ) ಮಾನ್ಸ್ಟರ್‌ಗಳು ಯಾಕೆ ಇನ್ನೂ ಅದೇ ಹಳೇ ಥರ ನಡ್ಕೊಳ್ತವೆ, ಒಂದು ಒಳ್ಳೆ ಎಐ ಮಾಡೆಲ್ ಹಾಕಿ ಎನಿಮಿನ ನಿಜವಾಗ್ಲೂ ಬುದ್ಧಿವಂತ ಮಾಡಿಬಿಟ್ರೆ ಫೈಟ್ ಸೂಪರ್ ಆಗಲ್ವಾ? ಕೇಳೋಕೆ ಸರಿ ಅನ್ಸತ್ತೆ. ಆದ್ರೆ ಉತ್ತರ ಬಹುತೇಕ ಇಲ್ಲ ಅಂತಾನೇ, ಮತ್ತೆ ಯಾಕೆ ಇಲ್ಲ ಅಂತ ಬಿಡಿಸ್ತಾ ಹೋದ್ರೆ ಒಂದು ಫೈಟ್ ಯಾಕೆ ಮನಸ್ಸಿಗೆ ಹಿಡಿಸತ್ತೆ, ಇನ್ನೊಂದು ಯಾಕೆ ಬೋರ್ ಹೊಡ್ಸತ್ತೆ ಅನ್ನೋದೂ ಅದರ ಜೊತೆಗೇ ಅರ್ಥ ಆಗತ್ತೆ. ನಾನು ಈ ಗೇಮ್‌ಗಳನ್ನ ತುಂಬಾ ಪ್ರೀತಿಯಿಂದ ಆಡೋನು, ನಮ್ಮ ಹುಡುಗ್ರಲ್ಲಿ ಹೆಚ್ಚಿನವರು ಬಿಜಿಎಂಐ ಥರದ ಶೂಟಿಂಗ್ ಗೇಮ್ ಬಿಟ್ಟು ಈ ಕಡೆ ಬರೋದೇ ಇಲ್ಲ ಅನ್ನೋ ಬೇಜಾರೂ ಇದೆ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಬಿಜಿಎಂಐಲಿ ಎದುರಿಗೆ ಇರೋನು ಮನುಷ್ಯ. ಅವನು ಗೆಲ್ಲೋಕೇ ಬಂದಿರೋನು, ನೀವೂ ಗೆಲ್ಲೋಕೇ ಬಂದಿರೋರು, ನೂರು ಜನ ಇಳಿದ್ರೆ ಕೊನೇಗೆ ಒಂದೇ ಟೀಮ್ ಉಳಿಯೋದು, ಉಳಿದೋರೆಲ್ಲ ಸೋತು ಮತ್ತೆ ಲಾಬಿಗೆ ವಾಪಸ್. ಆರ್‌ಪಿಜಿಲಿ ಲೆಕ್ಕ ಬೇರೆ. ಅಲ್ಲಿರೋ ಎನಿಮಿಗೆ ಗೆಲ್ಲೋ ಆಸೆ ಇಲ್ಲ, ಅದು ಅಲ್ಲಿರೋದೇ ನೀವು ಏನೋ ಒಂದನ್ನ ಕಲಿತು, ಅದನ್ನ ಸರಿಯಾದ ಟೈಮಿಗೆ ಮಾಡಿ, ಗೆದ್ದೆ ಅಂತ ಅನ್ಸೋ ಹಾಗೆ ಮಾಡೋಕೆ. ಹಾಗಂತ ಸುಮ್ನೆ ಸೋತುಬಿಟ್ರೂ ಪ್ರಯೋಜನ ಇಲ್ಲ. ನಿಮ್ಮ ತಪ್ಪಿಗೆ ಸರಿಯಾಗಿ ಹೊಡೀಬೇಕು, ನಿಮ್ಮ ಸರಿಗೆ ಸರಿಯಾಗಿ ಬೀಳ್ಬೇಕು. ನನ್ನ ಪ್ರಕಾರ ಒಳ್ಳೆ ಎನಿಮಿ ಅಂದ್ರೆ ನೋಡಿದ್ರೆ ಅರ್ಥ ಆಗೋ ಎನಿಮಿ, ಬುದ್ಧಿ ಎಷ್ಟಿದೆ ಅನ್ನೋದು ಆಮೇಲಿನ ಮಾತು.

ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ (ಆಡೋರು ವಾವ್ ಅಂತಾರೆ), 2004ರಲ್ಲಿ ಬಂದಿದ್ದು, ಇವತ್ತಿಗೂ ನಡೀತಿದೆ. ಐದು ಜನ ಸೇರಿ ಒಂದು ಡಂಜನ್‌ಗೆ, ಅಂದ್ರೆ ಮಾನ್ಸ್ಟರ್‌ಗಳು ತುಂಬಿರೋ ಜಾಗಕ್ಕೆ, ಹೋಗ್ತೀರ ಅಂದ್ಕೊಳ್ಳಿ. ಒಬ್ಬ ಟ್ಯಾಂಕ್, ಮೈತುಂಬ ಕಬ್ಬಿಣ ಹಾಕ್ಕೊಂಡು ಮುಂದೆ ನಿಂತು ಏಟು ತಿನ್ನೋನು. ಒಬ್ಬ ಹೀಲರ್, ಎಲ್ಲರ ಹೆಲ್ತ್ ತುಂಬಿಸ್ತಾ ಇರೋನು. ಮೂರು ಜನ ಡಿಪಿಎಸ್, ಅಂದ್ರೆ ಹೊಡೆಯೋದೇ ಕೆಲಸ. ಈಗ ಬಾಸ್‌ಗೆ, ಅಂದ್ರೆ ಅಲ್ಲಿರೋ ದೊಡ್ಡ ಎನಿಮಿಗೆ, ನಿಜವಾದ ಬುದ್ಧಿ ಕೊಡಿ. ಅದು ಐದು ಜನರನ್ನ ನೋಡತ್ತೆ, ಒಬ್ಬ ಕಬ್ಬಿಣದ ಗೋಡೆ ಥರ ನಿಂತಿದಾನೆ, ಅವನಿಗೆ ಎಷ್ಟ್ ಹೊಡೆದ್ರೂ ಹಿಂದಿರೋ ಬಟ್ಟೆ ನಿಲುವಂಗಿಯವಳು ಎರಡು ಸೆಕೆಂಡಲ್ಲಿ ಸರಿ ಮಾಡ್ತಾಳೆ, ಹಾಗಿದ್ರೆ ಮೊದ್ಲು ಯಾರನ್ನ ಹೊಡೀಬೇಕು? ಹೀಲರ್‌ನ. ಎರಡೇಟಿಗೆ ಅವಳು ಔಟ್, ಆಮೇಲೆ ಉಳಿದೋರು ಒಬ್ಬೊಬ್ಬರಾಗಿ ಔಟ್, ಟ್ಯಾಂಕ್ ಸುಮ್ನೆ ಹಿಂದೆ ಓಡ್ತಾ ಇರ್ತಾನೆ. ಬಾಸ್ ಕಡೆಯಿಂದ ನೋಡಿದ್ರೆ ಪರ್ಫೆಕ್ಟ್ ಆಟ. ಐದು ಜನಕ್ಕೆ ಮಾತ್ರ ಮಾಡೋಕೆ ಏನೂ ಇಲ್ಲ, ಮುಂದಿನ ವಾರ ಯಾರೂ ಹೀಲರ್ ಆಡೋಕೆ ಒಪ್ಪಲ್ಲ.

ಹಾಗಾಗಿ ಡಿಸೈನರ್‌ಗಳು ಎನಿಮಿ ತಲೆ ಒಳಗೆ ಒಂದು ಪಟ್ಟಿ ಇಟ್ಟಿದಾರೆ. ಪ್ರತಿ ಮಾನ್ಸ್ಟರ್ ಹತ್ರನೂ ತನ್ನ ಜೊತೆ ಫೈಟ್‌ನಲ್ಲಿರೋ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ನಂಬರ್ ಇರತ್ತೆ, ಇದನ್ನ ಥ್ರೆಟ್ ಅಂತಾರೆ, ಆಡೋರು ಸಾಮಾನ್ಯವಾಗಿ ಅಗ್ರೋ ಅಂತಾರೆ. ನೀವು ಡ್ಯಾಮೇಜ್ ಮಾಡಿದ್ರೆ ನಿಮ್ಮ ನಂಬರ್ ಏರತ್ತೆ. ಹೀಲ್ ಮಾಡಿದ್ರೂ ಏರತ್ತೆ, ಆದ್ರೆ ಡ್ಯಾಮೇಜ್‌ಗೆ ಬರೋದರ ಅರ್ಧದಷ್ಟು, ಅದೂ ಫೈಟ್‌ನಲ್ಲಿರೋ ಎಲ್ಲಾ ಎನಿಮಿಗಳ ಮಧ್ಯೆ ಹಂಚಿ ಹೋಗತ್ತೆ. ಟ್ಯಾಂಕ್‌ನ ಹೊಡೆತಗಳಿಗೆ ಥ್ರೆಟ್ ಹಲವು ಪಟ್ಟು ಜಾಸ್ತಿ. ಎನಿಮಿ ಈಗ ಯಾರನ್ನ ಹೊಡೀತಿದೆಯೋ ಅವರನ್ನ ಬಿಟ್ಟು ನಿಮ್ಮ ಕಡೆ ತಿರುಗ್ಬೇಕು ಅಂದ್ರೆ ನೀವು ಅವರ ನಂಬರ್‌ನ ದಾಟಿದ್ರೆ ಸಾಲ್ದು, ಹತ್ರ ನಿಂತು ಹೊಡೆಯೋರು 110 ಪರ್ಸೆಂಟ್ ದಾಟ್ಬೇಕು, ದೂರದಿಂದ ಹೊಡೆಯೋರು 130 ಪರ್ಸೆಂಟ್. ಈ ಗ್ಯಾಪ್ ಇಟ್ಟಿದ್ದು ಎಷ್ಟು ಒಳ್ಳೆ ಯೋಚನೆ ಅಂದ್ರೆ, ಇದಿಲ್ದೇ ಇದ್ದಿದ್ರೆ ಇಬ್ಬರ ನಂಬರ್ ಅಕ್ಕಪಕ್ಕ ಬಂದಾಗ ಬಾಸ್ ಸೆಕೆಂಡಿಗೊಮ್ಮೆ ಆ ಕಡೆ ಈ ಕಡೆ ತಿರುಗ್ತಾ ಹುಚ್ಚು ಹಿಡಿದವರ ಥರ ಓಡಾಡ್ತಿತ್ತು.

ಇದರಿಂದ ಏನಾಗತ್ತೆ ನೋಡಿ. ಬಾಸ್ ಯಾರನ್ನ ಹೊಡಿಯತ್ತೆ ಅನ್ನೋದು ನಿಮ್ಮ ಕೈಯಲ್ಲಿದೆ, ನಿಮಗೆ ಮುಂಚೇನೇ ಗೊತ್ತಿದೆ, ಹಾಗಾಗಿ ಪ್ಲಾನ್ ಮಾಡ್ಬಹುದು. ಡಿಪಿಎಸ್ ಆಡೋನಿಗೆ ಒಂದು ಟೆನ್ಷನ್ ಸಿಕ್ತು: ಪೂರ್ತಿ ಜೋರಾಗಿ ಹೊಡೀಲಾ, ಟ್ಯಾಂಕ್‌ಗೆ ಇನ್ನೂ ಎರಡು ಸೆಕೆಂಡ್ ಟೈಮ್ ಕೊಡ್ಲಾ? ಹೀಲರ್‌ಗೆ ತಾನು ಯಾರನ್ನ ನೋಡ್ಕೋಬೇಕು ಅನ್ನೋದು ಗೊತ್ತಿದೆ. ಟ್ಯಾಂಕ್‌ಗೆ ಇಡೀ ರೂಮ್ ಕಂಟ್ರೋಲ್ ಮಾಡೋ ಜವಾಬ್ದಾರಿ. ಒಂದು ದಡ್ಡ ರೂಲ್‌ನಿಂದ ಐದು ಜನಕ್ಕೆ ಮೂರು ಥರದ ಕೆಲಸ ಹುಟ್ಟಿದೆ.

ವಾವ್‌ಗಿಂತ ಮುಂಚೆ, 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ಮಾನ್ಸ್ಟರ್‌ಗಳು ಗುಂಪಾಗಿ ನಿಂತಿರೋವು, ಒಂದನ್ನ ಮುಟ್ಟಿದ್ರೆ ಪಕ್ಕದವೂ ಎದ್ದು ಬರೋವು, ಒಟ್ಟಿಗೆ ಬಂದ್ರೆ ಎಲ್ಲರೂ ಸಾಯೋದು ಗ್ಯಾರಂಟಿ. ಹಾಗಾಗಿ ಪುಲ್ಲರ್ ಅನ್ನೋ ಒಂದು ಕೆಲಸವೇ ಹುಟ್ಕೊಳ್ತು, ಮಂಕ್ ಕ್ಲಾಸ್ ಆಡೋರು ಗುಂಪನ್ನ ಎಬ್ಬಿಸ್ಕೊಂಡು ಓಡಿಬಂದು, ಸತ್ತ ಹಾಗೆ ಬಿದ್ದು ನಾಟಕ ಮಾಡೋರು, ಮಾನ್ಸ್ಟರ್‌ಗಳು ಇವನು ಸತ್ತ ಅಂದ್ಕೊಂಡು ವಾಪಸ್ ಹೋಗೋವು, ಎಲ್ಲವೂ ಒಂದೇ ಸ್ಪೀಡಲ್ಲಿ ಒಂದೇ ಟೈಮಿಗೆ ತಿರುಗಲ್ವಲ್ಲ, ಹಿಂದೆ ಉಳಿದ ಒಂದನ್ನ ಮಾತ್ರ ಎದ್ದು ಎಳ್ಕೊಂಡು ಬರೋರು. ತಪ್ಪಾದ್ರೆ ಇಡೀ ಗುಂಪು ಹಿಂದೆ ಹಿಂದೆ ಸಾಲಾಗಿ ಬರೋದು, ಅದಕ್ಕೆ ಟ್ರೇನ್ ಅಂತ ಹೆಸರು, ಆ ಏರಿಯಾದಲ್ಲಿ ಸುಮ್ನೆ ಕೂತಿರೋ ಬೇರೆಯವರನ್ನೂ ಸಾಯ್ಸಿಬಿಡೋದು. ಇನ್ನು ಎನ್‌ಚಾಂಟರ್ ಆಡೋರು ಹೆಚ್ಚುವರಿ ಬಂದವನ್ನ ಮಂತ್ರ ಹಾಕಿ ನಿಂತಲ್ಲೇ ನಿಲ್ಲಿಸೋರು. ಆ ಮಾನ್ಸ್ಟರ್‌ಗಳ ಬುದ್ಧಿ ಅಂತ ನೋಡಿದ್ರೆ ನಾಲ್ಕೈದು ರೂಲ್ ಅಷ್ಟೆ, ಆದ್ರೆ ಆ ರೂಲ್‌ಗಳು ಯಾವತ್ತೂ ಬದಲಾಗ್ತಿರ್ಲಿಲ್ಲ, ಅದಕ್ಕೇ ಜನ ಅದರ ಮೇಲೆ ಒಂದು ಕಲೆಯನ್ನೇ ಕಟ್ಟಿದ್ರು. ಎನಿಮಿ ದಿನಕ್ಕೊಂದು ಥರ ಯೋಚ್ನೆ ಮಾಡಿದ್ರೆ ಕಲೆ ಕಟ್ಟೋಕೆ ನೆಲವೇ ಇರ್ತಿರ್ಲಿಲ್ಲ.

ಇದನ್ನ ಪೂರ್ತಿ ತೆಗೆದು ಹಾಕಿ ನೋಡಿದವರೂ ಇದಾರೆ. ಗಿಲ್ಡ್ ವಾರ್ಸ್ 2, 2012ರಲ್ಲಿ ಬಂದಾಗ ಟ್ಯಾಂಕ್ ಬೇಡ ಹೀಲರ್ ಬೇಡ, ಎಲ್ಲರೂ ತಮ್ಮನ್ನ ತಾವೇ ನೋಡ್ಕೊಳ್ಳಿ ಅಂತ ಧೈರ್ಯವಾಗಿ ಹೇಳ್ತು. ಓಡಾಡೋಕೆ, ಡಾಡ್ಜ್ ಮಾಡೋಕೆ (ಏಟಿಂದ ಪಕ್ಕಕ್ಕೆ ತಪ್ಪಿಸ್ಕೊಳ್ಳೋಕೆ) ಅದು ಇವತ್ತಿಗೂ ಬಹಳ ಚೆನ್ನಾಗಿರೋ ಗೇಮ್, ಬೀದಿಯಲ್ಲಿ ಬಿದ್ದಿರೋ ಅಪರಿಚಿತನನ್ನ ಎಬ್ಬಿಸೋದು ಕೂಡ ಅಲ್ಲಿ ಸಹಜ. ಆದ್ರೆ ಡಂಜನ್‌ಗಳಲ್ಲಿ ಎನಿಮಿ ಯಾರ ಹಿಂದೆ ಬೀಳತ್ತೆ ಅನ್ನೋದು ಆಡೋರಿಗೆ ಸರಿಯಾಗಿ ಕಾಣ್ತಿರ್ಲಿಲ್ಲ, ಒಬ್ಬರಿಗೊಬ್ಬರು ಆಸರೆ ಆಗೋ ದಾರಿ ಕಮ್ಮಿ, ಕೊನೇಗೆ ಎಲ್ಲರೂ ಒಂದು ಮೂಲೇಲಿ ಗುಂಪಾಗಿ ನಿಂತು ಆದಷ್ಟು ಬೇಗ ಹೊಡೆದು ಮುಗ್ಸೋದೇ ದಾರಿ ಆಗೋಯ್ತು. 2015ರ ನವೆಂಬರ್‌ನಲ್ಲಿ ರೈಡ್‌ಗಳು, ಅಂದ್ರೆ ಹತ್ತು ಜನ ಸೇರಿ ಆಡೋ ಕಷ್ಟದ ಫೈಟ್‌ಗಳು, ಬಂದಾಗ ಮೊದಲನೇ ಬಾಸ್ ವೇಲ್ ಗಾರ್ಡಿಯನ್ ಯಾರ ಹತ್ರ ಟಫ್‌ನೆಸ್ (ಏಟು ತಡ್ಕೊಳ್ಳೋ ಶಕ್ತಿ) ಜಾಸ್ತಿ ಇದೆಯೋ ಅವರನ್ನೇ ಹಿಡ್ಕೊಳ್ಳೋ ಹಾಗೆ ಮಾಡಿದ್ರು, ಹೀಲರ್ ಆಗಿ ಆಡೋ ದಾರಿಗಳೂ ವಾಪಸ್ ಬಂದ್ವು. ನನಗೆ ಇದು ಸೋಲು ಅಂತ ಅನ್ಸಲ್ಲ. ಬಾಸ್ ಯಾರನ್ನ ನೋಡ್ತಿದೆ ಅಂತ ಹತ್ತೂ ಜನಕ್ಕೆ ಗೊತ್ತಿದ್ರೆ ಮಾತ್ರ ಹತ್ತು ಜನ ಒಟ್ಟಿಗೆ ಆಡೋಕೆ ಆಗೋದು, ಅಷ್ಟೇ ವಿಷಯ.

ಯಾರನ್ನ ಹೊಡಿಯತ್ತೆ ಅನ್ನೋದು ಆಯ್ತು, ಇನ್ನು ಯಾವಾಗ, ಹೇಗೆ ಹೊಡಿಯತ್ತೆ ಅನ್ನೋದು. ಇದೇ ನನಗೆ ಅತ್ಯಂತ ಇಷ್ಟವಾದ ಭಾಗ.

ಚಿನ್ನಸ್ವಾಮಿಲಿ ಬ್ಯಾಟ್ಸ್‌ಮನ್ ಬಾಲ್ ಬಂದ್ಮೇಲೆ ಅದನ್ನ ನೋಡಿ ಆಡಲ್ಲ, ಬೌಲರ್‌ನ ರನ್-ಅಪ್ಪು, ಭುಜ, ಮಣಿಕಟ್ಟು ನೋಡೇ ಅರ್ಧ ನಿರ್ಧಾರ ಮಾಡಿರ್ತಾನೆ. ಗೇಮ್‌ನಲ್ಲೂ ಹೊಡೆತಕ್ಕೆ ಮುಂಚೆ ಇರೋ ಆ ತಯಾರಿನೇ ಎಲ್ಲ, ಅದನ್ನ ಟೆಲಿಗ್ರಾಫ್ ಅಂತಾರೆ. ಯಾವುದೇ ಹೊಡೆತನ ಮೂರು ತುಂಡು ಮಾಡಿ ನೋಡ್ಬಹುದು: ಕೈ ಎತ್ತೋದು, ಬೀಸೋದು, ಬೀಸಿದ್ಮೇಲೆ ಸಾವರಿಸ್ಕೊಳ್ಳೋದು. ಕೈ ಎತ್ತೋ ಹೊತ್ತಲ್ಲಿ ನೀವು ಓದ್ತೀರ, ಬೀಸೋ ಹೊತ್ತಲ್ಲಿ ತಪ್ಪಿಸ್ಕೊಳ್ತೀರ, ಸಾವರಿಸ್ಕೊಳ್ಳೋ ಹೊತ್ತಲ್ಲಿ ತಿರುಗಿ ಹೊಡೀತೀರ. ನಮ್ಮೂರಲ್ಲಿ ಅನಿಮೇಷನ್ ಕಲಿಯೋ ಹುಡುಗ್ರಿಗೆ ಮೊದಮೊದಲ ಪಾಠಗಳಲ್ಲೇ ಆಂಟಿಸಿಪೇಷನ್ ಅಂತ ಹೇಳ್ಕೊಡ್ತಾರಲ್ಲ, ಅದೇ ಇದು, ಇಲ್ಲಿ ಅದು ಬರೀ ಚೆಂದಕ್ಕೆ ಇರೋದಲ್ಲ, ಅದರ ಮೇಲೆ ನಿಮ್ಮ ಜೀವ ನಿಂತಿದೆ.

ಈ ಮೂರು ತುಂಡಲ್ಲಿ ಕೊನೇದನ್ನ ಬಹಳ ಗೇಮ್‌ಗಳು ಮರೀತವೆ. ಎನಿಮಿ ದೊಡ್ಡದಾಗಿ ಬೀಸಿ ಮಿಸ್ ಆದ್ಮೇಲೆ ಒಂದು ಕ್ಷಣ ತೂರಾಡ್ಬೇಕು, ಕತ್ತಿ ನೆಲಕ್ಕೆ ಸಿಕ್ಕಿಹಾಕ್ಕೋಬೇಕು, ಏನಾದ್ರೂ ಆಗ್ಬೇಕು. ಹಾಗಾಗ್ದೇ ಅದು ತಕ್ಷಣ ಮುಂದಿನ ಹೊಡೆತ ಶುರು ಮಾಡಿದ್ರೆ ನೀವು ಡಾಡ್ಜ್ ಮಾಡಿದ್ದಕ್ಕೆ ಏನೂ ಸಿಗಲಿಲ್ಲ, ಬರೀ ಸಾಯ್ಲಿಲ್ಲ ಅಷ್ಟೆ. ಲಾಸ್ಟ್ ಆರ್ಕ್ ಅನ್ನೋ ಗೇಮ್‌ನಲ್ಲಿ ಇದನ್ನ ಬಹಳ ಚೆನ್ನಾಗಿ ಹಿಡಿದಿದಾರೆ, ಬಾಸ್ ಮೈ ನೀಲಿ ಬಣ್ಣದಲ್ಲಿ ಒಂದು ಸಲ ಹೊಳೆಯತ್ತೆ, ಆ ಸಣ್ಣ ಗ್ಯಾಪ್‌ನಲ್ಲಿ ಮುಂದೆಯಿಂದ ಕೌಂಟರ್ ಸ್ಕಿಲ್ ಹಾಕಿದ್ರೆ ಬಾಸ್ ಅಲ್ಲೇ ಕುಸಿಯತ್ತೆ, ಇಡೀ ಟೀಮ್‌ಗೆ ಫ್ರೀಯಾಗಿ ಹೊಡೆಯೋಕೆ ಟೈಮ್ ಸಿಗತ್ತೆ. ಒಬ್ಬರು ಮಾಡಿದ್ದು ಎಲ್ಲರಿಗೂ ಕಾಣತ್ತೆ, ವಾಯ್ಸ್ ಚಾಟ್‌ನಲ್ಲಿ "ಸಕ್ಕತ್ ಮಗಾ" ಅಂತ ಯಾರೋ ಕೂಗ್ತಾರೆ. ಆ ಕೂಗಿಗೋಸ್ಕರವೇ ಜನ ವಾಪಸ್ ಬರೋದು.

ಟೆಲಿಗ್ರಾಫ್ ಎಷ್ಟು ಹೊತ್ತು ಇರ್ಬೇಕು? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಕಣ್ಣಿಗೆ ಏನಾದ್ರೂ ಕಂಡ್ಮೇಲೆ ಬೆರಳು ಬಟನ್ ಒತ್ತೋಕೆ ಮನುಷ್ಯರಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು, ಅದೂ ಒಂದೇ ಸಿಗ್ನಲ್ಲು ಒಂದೇ ಬಟನ್ನು ಇದ್ದಾಗ. ಎರಡು ಮೂರರಲ್ಲಿ ಯಾವುದು ಅಂತ ಯೋಚ್ನೆ ಮಾಡ್ಬೇಕಾದ್ರೆ ಇನ್ನೂ ಜಾಸ್ತಿ. ಅದರ ಮೇಲೆ ಪಿಂಗ್, ಅಂದ್ರೆ ಸಿಗ್ನಲ್ ನಿಮ್ಮ ಮನೆಯಿಂದ ಗೇಮ್ ಸರ್ವರ್‌ಗೆ ಹೋಗಿ ಬರೋ ಟೈಮ್. ಸರ್ವರ್ ಸಿಂಗಾಪುರದಲ್ಲಿದ್ರೆ, ಬೆಂಗ್ಳೂರಿಂದ ಅಲ್ಲಿಗೆ ನೇರವಾಗಿ ಅಳೆದ್ರೆ ಸುಮಾರು 3,200 ಕಿಲೋಮೀಟರ್, ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗತ್ತೆ, ಅಂದ್ರೆ ಹೋಗಿ ಬರೋಕೇ 32 ಮಿಲಿಸೆಕೆಂಡ್ ಬೇಕು, ಅದಕ್ಕಿಂತ ಕಮ್ಮಿ ಮಾಡೋಕೆ ಯಾವ ಇಂಟರ್ನೆಟ್ ಕಂಪನಿಯಿಂದಲೂ ಸಾಧ್ಯ ಇಲ್ಲ. ಫ್ರಾಂಕ್‌ಫರ್ಟ್ ಸರ್ವರ್ ಆದ್ರೆ ಸುಮಾರು 7,400 ಕಿಲೋಮೀಟರ್, ಅಲ್ಲಿಗೆ 74. ನಿಜವಾದ ಕೇಬಲ್ ನೇರವಾಗಿ ಹೋಗಲ್ಲ, ಚೆನ್ನೈಯೋ ಮುಂಬೈಯೋ ಮುಟ್ಟಿ ಸಮುದ್ರಕ್ಕೆ ಇಳಿದು ಸುತ್ತಿ ಬಳಸಿ ಹೋಗತ್ತೆ, ಮಧ್ಯೆ ಎಷ್ಟೋ ರೂಟರ್‌ಗಳು, ಹಾಗಾಗಿ ಸ್ಕ್ರೀನ್ ಮೇಲೆ ಕಾಣೋ ಪಿಂಗ್ ಇದಕ್ಕಿಂತ ಯಾವಾಗ್ಲೂ ಜಾಸ್ತಿನೇ. ಕೋರಮಂಗಲದಲ್ಲಿ ಎಷ್ಟೇ ದುಬಾರಿ ಪ್ಲಾನ್ ಹಾಕ್ಸಿದ್ರೂ ದೂರ ದೂರಾನೇ. ಹೀಗಿರೋವಾಗ ಅರ್ಧ ಸೆಕೆಂಡ್‌ನ ಟೆಲಿಗ್ರಾಫ್ ಸರ್ವರ್ ಪಕ್ಕದಲ್ಲಿ ಮನೆ ಇರೋನಿಗೆ ಸವಾಲು, ನಮಗೆ ಅನ್ಯಾಯ. ಆನ್‌ಲೈನ್ ಗೇಮ್‌ಗಳು ಮನೇಲಿ ಒಬ್ಬರೇ ಆಡೋ ಆಕ್ಷನ್ ಗೇಮ್‌ಗಿಂತ ನಿಧಾನವಾಗಿ ಕೈ ಎತ್ತೋದಕ್ಕೆ ಇದೇ ಕಾರಣ, ಡಿಸೈನರ್‌ಗೆ ಸೋಮಾರಿತನ ಅಂತಲ್ಲ.

ಇದಕ್ಕೆ ಒಂದೊಂದು ಗೇಮ್ ಒಂದೊಂದು ಉಪಾಯ ಕಂಡ್ಕೊಂಡಿದೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಸರ್ವರ್ 0.6 ಸೆಕೆಂಡಿಗೆ ಒಂದೇ ಸಲ ಉಸಿರಾಡತ್ತೆ, ಅದನ್ನ ಟಿಕ್ ಅಂತಾರೆ. ನಿಮ್ಮ ಕ್ಲಿಕ್ ಆ ಟಿಕ್‌ಗಿಂತ ಮುಂಚೆ ತಲುಪಿದ್ರೆ ಸಾಕು, 40 ಪಿಂಗ್ ಇರೋನೂ 140 ಪಿಂಗ್ ಇರೋನೂ ಹೆಚ್ಚುಕಮ್ಮಿ ಒಂದೇ ಆಟ ಆಡ್ತಾರೆ. ನೋಡೋಕೆ ಹಳೇ ಕಾಲದ ಗೇಮ್, ಆದ್ರೆ ಅದರಲ್ಲಿರೋ ಜಾಡ್ ಅನ್ನೋ ಬಾಸ್ ನನ್ನ ಪ್ರಕಾರ ಇಡೀ ಆನ್‌ಲೈನ್ ಆರ್‌ಪಿಜಿ ಇತಿಹಾಸದಲ್ಲೇ ಅತ್ಯಂತ ಶುದ್ಧವಾದ ಡಿಸೈನ್. 62 ವೇವ್ ಸಣ್ಣಪುಟ್ಟ ಮಾನ್ಸ್ಟರ್‌ಗಳನ್ನ ದಾಟಿದ ಮೇಲೆ 63ನೇದಾಗಿ ಜಾಡ್ ಒಬ್ಬನೇ ಬರ್ತಾನೆ. ಆಟಗಾರನ ಹೆಲ್ತ್ ಮಾಮೂಲಿಯಾಗಿ ಹೆಚ್ಚು ಅಂದ್ರೆ 99, ಜಾಡ್ ಒಂದೇಟಿಗೆ 97ರ ತನಕ ಹೊಡೀಬಹುದು. ಅವನು ದೂರದಿಂದ ಎರಡೇ ಥರ ಹೊಡಿಯೋದು: ಮುಂಗಾಲು ಎತ್ತಿ ಹಿಂದಕ್ಕೆ ಎದ್ದು ನಿಂತ್ರೆ ಮ್ಯಾಜಿಕ್, ಮುಂಗಾಲನ್ನ ನೆಲಕ್ಕೆ ಅಪ್ಪಳಿಸಿದ್ರೆ ರೇಂಜ್. ಎರಡಕ್ಕೂ ಒಂದೊಂದು ಪ್ರೇಯರ್, ಅಂದ್ರೆ ಆ ಥರದ ಏಟು ತಡೆಯೋ ಸ್ಕಿಲ್, ಇದೆ, ಸರಿಯಾದದ್ದನ್ನ ಟೈಮಿಗೆ ಹಾಕಿದ್ರೆ ಡ್ಯಾಮೇಜ್ ಸೊನ್ನೆ, ತಪ್ಪು ಹಾಕಿದ್ರೆ ಬಹುಶಃ ಸಾವು. ಅಷ್ಟೇ ಫೈಟು! ಒಂದು ಪೇಪರ್ ಮೇಲೆ ಬರೆದ್ರೆ ಮಕ್ಕಳೂ ಮಾಡ್ತಾರೆ ಅನ್ಸತ್ತೆ, ಅಲ್ಲಿ ಕೂತಾಗ ಮಾತ್ರ ಕೈ ನಡುಗತ್ತೆ, ಯಾಕಂದ್ರೆ ಅಷ್ಟು ಹೊತ್ತು ಕಷ್ಟಪಟ್ಟು ಬಂದಿರೋದೆಲ್ಲ ಒಂದು ತಪ್ಪಿಗೆ ಹೋಗತ್ತೆ. ಆಮೇಲೆ ಅವನ ಹೆಲ್ತ್ ಅರ್ಧಕ್ಕೆ ಇಳಿದಾಗ ಹೀಲರ್‌ಗಳು ಬಂದು ಅವನನ್ನ ಗುಣ ಮಾಡೋಕೆ ಶುರು ಮಾಡ್ತವೆ, ಅವಕ್ಕೆ ಒಂದೊಂದು ಏಟು ಹೊಡೆದು ನಿಮ್ಮ ಕಡೆ ತಿರುಗಿಸ್ಕೋಬೇಕು, ಆ ಗಲಾಟೆಲೂ ಕಣ್ಣು ಮಾತ್ರ ಜಾಡ್‌ನ ಕಾಲ ಮೇಲೇ ಇರ್ಬೇಕು. ಅವನಲ್ಲಿ ಬುದ್ಧಿ ಅನ್ನೋದು ಒಂದು ಕಾಸಿನಷ್ಟೂ ಇಲ್ಲ. ಆದ್ರೂ ಅವನನ್ನ ಸೋಲ್ಸಿದವರಿಗೆ ಸಿಗೋ ಫೈರ್ ಕೇಪ್ ಹಾಕ್ಕೊಂಡು ಓಡಾಡೋರನ್ನ ನೋಡಿದ್ರೆ ಇವತ್ತಿಗೂ ಗೌರವ ಬರತ್ತೆ.

ಫೈನಲ್ ಫ್ಯಾಂಟಸಿ 14 ಇನ್ನೊಂದು ದಾರಿ ಹಿಡಿದಿದೆ. ಅದರ ಮೊದಲ ರೂಪ 2010ರಲ್ಲಿ ಬಂದು ಸೋತು, ಪೂರ್ತಿ ಹೊಸದಾಗಿ ಕಟ್ಟಿ 2013ರಲ್ಲಿ ಮತ್ತೆ ಬಂತು. ಅಲ್ಲಿ ನೆಲದ ಮೇಲೆ ಕಿತ್ತಳೆ ಬಣ್ಣದ ಆಕಾರ ಬರತ್ತೆ, ಅದರೊಳಗಿದ್ರೆ ಏಟು. ಹೊಸಬರಿಗೆ ಅಲ್ಲೊಂದು ವಿಷಯ ತಲೆ ಕೆಡ್ಸತ್ತೆ: ನಾನು ಹೊರಗೆ ಬಂದೆ, ಬೆಂಕಿ ಆಮೇಲೆ ಬಿತ್ತು, ಆದ್ರೂ ನಂಗೆ ಯಾಕೆ ಏಟು? ಅಥವಾ ಉಲ್ಟಾ, ಬಾಂಬ್ ಸಿಡಿಯೋವಾಗ ಒಳಗೇ ನಿಂತಿದ್ದೆ, ಏನೂ ಆಗ್ಲಿಲ್ಲ. ಕಾರಣ ಏನಂದ್ರೆ ಎನಿಮಿಯ ಕ್ಯಾಸ್ಟ್ ಬಾರ್ (ಹೊಡೆತಕ್ಕೆ ಇನ್ನೆಷ್ಟು ಹೊತ್ತಿದೆ ಅಂತ ತೋರ್ಸೋ ಗೆರೆ) ಮುಗಿಯೋ ಕ್ಷಣದಲ್ಲೇ ಸರ್ವರ್ ಎಲ್ಲರೂ ಎಲ್ಲಿದಾರೆ ಅಂತ ಒಂದು ಫೋಟೋ ತೆಗೆದು ಇಟ್ಕೊಳ್ಳತ್ತೆ, ತೀರ್ಪು ಅಲ್ಲೇ ಮುಗೀತು, ಆಮೇಲೆ ಬರೋ ಬೆಂಕಿ ಸಿಡಿಲು ಎಲ್ಲ ಅಲಂಕಾರ. ಇದು ಗೊತ್ತಾದ್ಮೇಲೆ ನೀವು ಬೆಂಕಿ ನೋಡೋದು ಬಿಟ್ಟು ಬಾರ್ ನೋಡ್ತೀರ, ಬೆಂಗ್ಳೂರಿಂದ ಆಡೋರಾದ್ರೆ ಬಾರ್ ಮುಗಿಯೋಕೆ ಸ್ವಲ್ಪ ಮುಂಚೇನೇ ಹೊರಗಿರ್ತೀರ. ನನಗೆ ಈ ಪದ್ಧತಿ ಬಗ್ಗೆ ಎರಡು ಮನಸ್ಸಿದೆ. ಎಲ್ಲರಿಗೂ ಒಂದೇ ನಿಯಮ, ಪಿಂಗ್ ಜಾಸ್ತಿ ಇದ್ರೂ ಆಡ್ಬಹುದು, ಇದು ದೊಡ್ಡ ಉಪಕಾರ. ಆದ್ರೆ ಕಣ್ಣಿಗೆ ಕಾಣೋದು ಒಂದು, ನಿಜ ಇನ್ನೊಂದು ಆದಾಗ ಏಟು ಏಟು ಅನ್ಸಲ್ಲ, ಲೆಕ್ಕ ಅನ್ಸತ್ತೆ. ಗಿಲ್ಡ್ ವಾರ್ಸ್ 2ರಲ್ಲಿ ಡಾಡ್ಜ್ ಒತ್ತಿದ್ರೆ ಮುಕ್ಕಾಲು ಸೆಕೆಂಡ್ ಯಾವ ಏಟೂ ತಾಗಲ್ಲ, ಎರಡು ಡಾಡ್ಜ್‌ಗೆ ಆಗೋಷ್ಟು ಎಂಡ್ಯೂರೆನ್ಸ್ (ದಮ್ಮು) ಮಾತ್ರ ಇರತ್ತೆ, ಖಾಲಿ ಆದ್ರೆ ಕಾಯ್ಬೇಕು. ಅಲ್ಲಿ ಆ ಮುಕ್ಕಾಲು ಸೆಕೆಂಡೇ ಪಿಂಗ್‌ನ ನುಂಗ್ಕೊಂಡುಬಿಡತ್ತೆ, ಕಣ್ಣಿಗೂ ಸುಳ್ಳಾಗಲ್ಲ. ನನ್ನ ಓಟು ಅದಕ್ಕೆ.

ಇನ್ನು ನಮ್ಮ ಕಡೆಯ ಹೊಡೆತ. ನಾನು ಬಟನ್ ಒತ್ತಿದ್ರೆ ತಾಗ್ತು ಅಂತ ಅನ್ಸೋದು ಹೇಗೆ? ಕತ್ತಿ ತಾಗಿದ ಕ್ಷಣದಲ್ಲಿ ಅನಿಮೇಷನ್ ಎರಡು ಮೂರು ಫ್ರೇಮ್ ನಿಂತುಬಿಡತ್ತೆ, 60 ಫ್ರೇಮ್‌ನ ಗೇಮ್‌ನಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 17 ಮಿಲಿಸೆಕೆಂಡ್, ಅಂದ್ರೆ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ, ಆದ್ರೆ ಕೈಗೆ ಭಾರ ಅನ್ಸತ್ತೆ. ಇದನ್ನ ಹಿಟ್‌ಸ್ಟಾಪ್ ಅಂತಾರೆ, ಫೈಟಿಂಗ್ ಗೇಮ್‌ಗಳು ಹಳೇ ಕಾಲದಿಂದ ಮಾಡ್ಕೊಂಡು ಬಂದಿರೋದು, ಮಾನ್ಸ್ಟರ್ ಹಂಟರ್ ಗೇಮ್‌ನ ದೊಡ್ಡ ಕತ್ತಿ ಹಿಡಿದವರಿಗೆ ಇದು ಎಷ್ಟು ರುಚಿ ಅಂತ ಹೇಳ್ಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ತೊಂದ್ರೆ ಏನಂದ್ರೆ ಬೇರೆಯವರೂ ಅದೇ ಎನಿಮಿನ ಹೊಡೀತಿರ್ತಾರೆ, ನಿಮ್ಮೊಬ್ಬರಿಗೋಸ್ಕರ ಜಗತ್ತನ್ನ ನಿಲ್ಲಿಸೋಕೆ ಆಗಲ್ಲ. ಹಾಗಾಗಿ ನಿಮ್ಮ ಕ್ಯಾರೆಕ್ಟರ್‌ನ ಮಾತ್ರ, ನಿಮ್ಮ ಸ್ಕ್ರೀನ್‌ನಲ್ಲಿ ಮಾತ್ರ ನಿಲ್ಲಿಸಿದ್ರೆ ಕೆಲಸ ಆಗತ್ತೆ. ಸೌಂಡು, ರಕ್ತ, ಕಿಡಿ, ಇವನ್ನೂ ಸರ್ವರ್ ಉತ್ತರಕ್ಕೆ ಕಾಯ್ದೇ ತಕ್ಷಣ ನಿಮ್ಮ ಕಂಪ್ಯೂಟರೇ ತೋರಿಸ್ಬಹುದು, ನಿಜವಾದ ಡ್ಯಾಮೇಜ್ ನಂಬರ್ ಮಾತ್ರ ಸರ್ವರ್ ಹೇಳಿದ್ಮೇಲೆ ಬರತ್ತೆ.

ತಾಳ ಕೂಡ ಮುಖ್ಯ. ವಾವ್‌ನಲ್ಲಿ ಒಂದು ಸ್ಕಿಲ್ ಒತ್ತಿದ್ರೆ ಸಾಮಾನ್ಯವಾಗಿ 1.5 ಸೆಕೆಂಡ್ ಇನ್ನೊಂದನ್ನ ಒತ್ತೋಕಾಗಲ್ಲ, ಫೈನಲ್ ಫ್ಯಾಂಟಸಿ 14ರಲ್ಲಿ 2.5 ಸೆಕೆಂಡ್. ಹೊಸಬರಿಗೆ ಎರಡನೇದು ತುಂಬಾ ನಿಧಾನ ಅನ್ಸತ್ತೆ, ಲೆವೆಲ್ ಏರ್ತಾ ಏರ್ತಾ ಆ ಗ್ಯಾಪ್‌ನೊಳಗೆ ತುರುಕೋಕೆ ಬೇರೆ ಸ್ಕಿಲ್‌ಗಳು ಬಂದು ಕೈ ಬಿಡುವಿಲ್ಲದ ಹಾಗೆ ಆಗತ್ತೆ. ವಾವ್‌ನಲ್ಲಿ ಇನ್ನೊಂದು ಚೆಂದದ ಸೂಕ್ಷ್ಮ ಇದೆ, ಮುಂದಿನ ಸ್ಕಿಲ್‌ನ 400 ಮಿಲಿಸೆಕೆಂಡ್ ಮುಂಚೆ ಒತ್ತಿದ್ರೂ ಗೇಮ್ ಅದನ್ನ ಸಾಲಿನಲ್ಲಿ ನಿಲ್ಲಿಸಿ ಸರಿಯಾದ ಕ್ಷಣಕ್ಕೆ ಬಿಡತ್ತೆ. ಇದರಿಂದ ದೂರದ ಸರ್ವರ್‌ನಲ್ಲಿ ಆಡೋರ ತಾಳನೂ ತಪ್ಪಲ್ಲ. ಎಷ್ಟೋ ಹೊಸ ಗೇಮ್‌ಗಳು ಗ್ರಾಫಿಕ್ಸ್‌ಗೆ ಕೋಟಿ ಕೋಟಿ ಸುರಿದು ಈ ಸಣ್ಣ ವಿಷಯ ಮರೀತವೆ, ಬಟನ್ ಒತ್ತಿದ್ರೆ ಕೆಲವು ಸಲ ನುಂಗಿಬಿಡತ್ತೆ, ಆಗ ಆಡೋರಿಗೆ ಏನು ಕೊರತೆ ಅಂತ ಹೇಳೋಕೂ ಗೊತ್ತಾಗಲ್ಲ, ಕಂಬ್ಯಾಟ್ ಫ್ಲೋಟಿಯಾಗಿದೆ, ಹೊಡೆತಕ್ಕೆ ತೂಕ ಇಲ್ಲ ಅಂತ ಹೇಳಿ ಬಿಟ್ಟು ಹೋಗ್ತಾರೆ.

ಹಾಗಿದ್ರೆ ಎನಿಮಿಗೆ ಬುದ್ಧಿನೇ ಬೇಡ್ವಾ? ಬೇಕು, ಆದ್ರೆ ಇರೋದಕ್ಕಿಂತ ಕಾಣೋದು ಮುಖ್ಯ. 2005ರಲ್ಲಿ ಬಂದ ಫಿಯರ್ ಅನ್ನೋ ಶೂಟರ್‌ನ ಸೈನಿಕರನ್ನ ಇವತ್ತಿಗೂ ಬುದ್ಧಿವಂತರು ಅಂತ ಹೊಗಳ್ತಾರೆ. ಅವರ ಎಐ ಮಾಡಿದ ಜೆಫ್ ಓರ್ಕಿನ್ ಆಮೇಲೆ ವಿವರಿಸಿದ ಪ್ರಕಾರ, ಸೈನಿಕರು ಒಬ್ಬರಿಗೊಬ್ಬರು ಕೂಗಿ ಹೇಳೋ ಮಾತುಗಳೇ ಅವರು ಕೂಡಿ ಯೋಚ್ನೆ ಮಾಡ್ತಿದಾರೆ ಅನ್ನೋ ಭಾವನೆನ ಬಹಳಷ್ಟು ಹುಟ್ಸೋದು, ಒಳಗೆ ಪ್ರತಿಯೊಬ್ಬನೂ ಹೆಚ್ಚಾಗಿ ತನ್ನ ಪಾಡಿಗೆ ತಾನು ಪ್ಲಾನ್ ಮಾಡ್ತಿದ್ದ. ಆಟಗಾರನಿಗೆ ಕಾಣದ ಬುದ್ಧಿ ಇದ್ರೂ ಇಲ್ಲದ ಹಾಗೆ. ಇದರ ಉಲ್ಟಾ ಉದಾಹರಣೆ 1997ರ ಅಲ್ಟಿಮಾ ಆನ್‌ಲೈನ್. ಅವರು ಪ್ರಾಣಿಗಳಿಗೆ ಒಂದು ನಿಜವಾದ ಪರಿಸರ ಕಟ್ಟಿದ್ರು, ಹುಲ್ಲು ತಿನ್ನೋವು, ಅವನ್ನ ತಿನ್ನೋವು, ಬೇಟೆ ಕಮ್ಮಿ ಆದ್ರೆ ಊರ ಕಡೆ ಬರೋವು, ಅಂಥದ್ದು. ಜನ ಒಳಗೆ ಬಂದವರೇ ಕಣ್ಣಿಗೆ ಬಿದ್ದ ಎಲ್ಲವನ್ನೂ ಕೊಂದು ಹಾಕಿದ್ರು, ಆ ಸುಂದರವಾದ ವ್ಯವಸ್ಥೆ ಯಾರ ಕಣ್ಣಿಗೂ ಬೀಳೋ ಮುಂಚೆ ಕುಸಿದು ಹೋಯ್ತು, ತೆಗೀಬೇಕಾಯ್ತು. ಆ ಕನಸಿನ ಬಗ್ಗೆ ನನಗೆ ಈಗ್ಲೂ ಹೊಟ್ಟೆ ಉರಿಯೋಷ್ಟು ಬೇಜಾರಿದೆ.

ಸರ್ವರ್ ಖರ್ಚೂ ಒಂದು ಕಾರಣ. ಒಂದು ಆನ್‌ಲೈನ್ ಜಗತ್ತಿನಲ್ಲಿ ಸಾವಿರಾರು ಮಾನ್ಸ್ಟರ್‌ಗಳು ಒಂದೇ ಟೈಮಿಗೆ ಇರ್ತವೆ, ಪ್ರತಿಯೊಂದೂ ಕ್ಷಣಕ್ಷಣಕ್ಕೂ ಆಳವಾಗಿ ಯೋಚ್ನೆ ಮಾಡ್ತಾ ಕೂತ್ರೆ ಸರ್ವರ್ ಬಿಲ್ ಕಟ್ಟೋರು ಯಾರು? ಹಾಗಾಗಿ ಅವುಗಳ ತಲೆ ಸರಳ: ಸುಮ್ನೆ ನಿಂತಿರು, ಯಾರಾದ್ರೂ ಹತ್ರ ಬಂದ್ರೆ ಅಟ್ಟಿಸ್ಕೊಂಡು ಹೋಗು, ಹೊಡಿ, ಮನೆಯಿಂದ ತುಂಬಾ ದೂರ ಬಂದ್ರೆ ವಾಪಸ್ ಹೋಗು. ಈ ಕೊನೇ ರೂಲ್‌ನ ಲೀಶ್ ಅಂತಾರೆ, ಅದಿಲ್ದೇ ಇದ್ರೆ ಏನಾಗತ್ತೆ ಅಂತ ವಾವ್‌ನ ಮೊದಲ ದಿನಗಳಲ್ಲೇ ಗೊತ್ತಾಯ್ತು, ಲಾರ್ಡ್ ಕಝಾಕ್ ಅನ್ನೋ ಬಾಸ್‌ನ ಆಟಗಾರರು ಎಳ್ಕೊಂಡು ಎಳ್ಕೊಂಡು ಸ್ಟಾರ್ಮ್‌ವಿಂಡ್ ಪಟ್ಟಣದೊಳಗೆ ತಂದುಬಿಟ್ರು, ಅವನು ಒಬ್ಬರನ್ನ ಕೊಂದಾಗೆಲ್ಲ ಹೆಲ್ತ್ ತುಂಬ್ಕೊಳ್ಳೋನು, ಊರೆಲ್ಲ ಹೆಣ.

ಆದ್ರೆ ಸರಳ ರೂಲ್‌ನಲ್ಲೇ ವ್ಯಕ್ತಿತ್ವ ತರ್ಬಹುದು. ವಾವ್‌ನ ಮುರ್ಲಾಕ್‌ಗಳನ್ನ ನೋಡಿ, ಕೆರೆ ದಡದಲ್ಲಿ ಗುಂಪಾಗಿರೋ ಮೀನಿನ ಥರದ ಕುಳ್ಳ ಜೀವಿಗಳು. ಹೆಲ್ತ್ ಕಮ್ಮಿ ಆದ ತಕ್ಷಣ ಓಡತ್ವೆ, ಓಡೋವಾಗ ಪಕ್ಕದವರನ್ನ ಎಬ್ಬಿಸ್ಕೊಂಡು ಬರತ್ವೆ. ಒಂದೇ ಒಂದು ರೂಲ್. ಆದ್ರೆ ಅದರಿಂದ ನೀವು ಕೊನೇ ಕಾಲು ಭಾಗ ಹೆಲ್ತ್‌ಗೆ ಒಂದು ಜೋರು ಹೊಡೆತ ಉಳಿಸ್ಕೊಳ್ಳೋದು ಕಲಿತೀರ, ಓಡೋದನ್ನ ನಿಧಾನ ಮಾಡೋ ಸ್ಕಿಲ್‌ಗೆ ಬೆಲೆ ಬರತ್ತೆ, ಆ ಗುಳಗುಳ ಕೂಗು ಕೇಳಿದ್ರೇ ಮೈ ಎಚ್ಚರ ಆಗತ್ತೆ. ಜೊತೆಗೆ ದೂರ ನಿಂತು ಮಂತ್ರ ಹಾಕೋ ಒಂದನ್ನ, ಉಳಿದವಕ್ಕೆ ಹೀಲ್ ಮಾಡೋ ಒಂದನ್ನ ಸೇರಿಸಿ, ಆಗ ಯಾರನ್ನ ಮೊದ್ಲು ಅನ್ನೋ ಪ್ರಶ್ನೆ ಹುಟ್ಟತ್ತೆ. ಎನಿಮಿ ಮಂತ್ರ ಹಾಕೋವಾಗ ಅದರ ಬಾರ್ ಕಾಣತ್ತೆ, ಅಷ್ಟರೊಳಗೆ ಕಿಕ್ ಹೊಡೆದು ನಿಲ್ಲಿಸ್ಬೇಕು, ಕಿಕ್‌ಗೆ ಕೂಲ್‌ಡೌನ್ ಇರತ್ತೆ, ಒಂದು ಸಲ ಹಾಕಿದ್ರೆ ಮತ್ತೆ ಹಾಕೋಕೆ ಸ್ವಲ್ಪ ಕಾಯ್ಬೇಕು, ಹಾಗಾಗಿ ರಾತ್ರಿ ಹನ್ನೊಂದಕ್ಕೆ ವಿಜಯನಗರದಿಂದ ಒಬ್ಬ, ವೈಟ್‌ಫೀಲ್ಡ್‌ನಿಂದ ಒಬ್ಬ ಹೆಡ್‌ಫೋನ್‌ನಲ್ಲಿ ಕೂಗ್ತಿರ್ತಾರೆ: "ನಂದು ಇನ್ನೂ ಬಂದಿಲ್ಲ ಗುರು, ನೆಕ್ಸ್ಟ್ ನೀನ್ ಹಾಕು." ಐದು ಸಾಧಾರಣ ಎನಿಮಿಗಳು ಸರಿಯಾಗಿ ಜೋಡಿಸಿದ್ರೆ ಒಂದು ಬಾಸ್‌ಗಿಂತ ಜಾಸ್ತಿ ಕೆಲಸ ಕೊಡ್ತವೆ.

ಇದನ್ನ ಕೆಡಿಸೋದು ಹೆಲ್ತ್ ಬಾರ್. ಕಷ್ಟ ಜಾಸ್ತಿ ಮಾಡ್ಬೇಕು ಅಂದ ತಕ್ಷಣ ಎನಿಮಿ ಹೆಲ್ತ್ ಹತ್ತು ಪಟ್ಟು ಏರಿಸೋದು ಬಹಳ ಸುಲಭದ ದಾರಿ, ಬಹಳ ಗೇಮ್‌ಗಳು ಅದನ್ನೇ ಹಿಡೀತವೆ. ಎನಿಮಿ ತನ್ನ ಎಲ್ಲಾ ಆಟ ಒಂದು ನಿಮಿಷದಲ್ಲಿ ತೋರ್ಸಿ ಮುಗಿಸಿದ್ರೆ, ಉಳಿದ ನಾಲ್ಕು ನಿಮಿಷ ಅದೇ ಅದೇ ಹೊಡೆಯೋದು ಕೂಲಿ ಕೆಲಸ. ಫೈಟ್‌ನ ಉದ್ದ ಎನಿಮಿ ಹತ್ರ ಹೇಳೋಕೆ ಎಷ್ಟಿದೆ ಅನ್ನೋದರ ಮೇಲೆ ಇರ್ಬೇಕು. ಹೆಲ್ತ್ ಇಳಿದ ಹಾಗೆ ಹೊಸ ಹಂತ, ಹೊಸ ಹೊಡೆತ ಬರ್ಬೇಕು, ಅಥವಾ ಹಳೇ ಎರಡು ಹೊಡೆತ ಒಟ್ಟಿಗೆ ಬರ್ಬೇಕು. ಈ ಎರಡನೇದು ನನಗೆ ತುಂಬಾ ಇಷ್ಟ, ಬೇರೆ ಬೇರೆಯಾಗಿ ಕಲಿತಿದ್ದನ್ನ ಸೇರಿಸಿ ಕೇಳಿದಾಗಲೇ ನಿಜವಾಗ್ಲೂ ಕಲಿತಿದೀವಾ ಅಂತ ಗೊತ್ತಾಗೋದು.

ಇನ್ನೊಂದು ಕಷ್ಟದ ಪ್ರಶ್ನೆ ಇದೆ, ಇದಕ್ಕೆ ಯಾರೂ ಪೂರ್ತಿ ಉತ್ತರ ಕಂಡ್ಕೊಂಡಿಲ್ಲ: ಒಂದೇ ಬಾಸ್‌ನ ವಾರ ವಾರ ಹೊಡೀಬೇಕು. ಎಲ್ಲ ಮೊದಲೇ ಬರೆದಿಟ್ಟ ಕ್ರಮದಲ್ಲೇ ಬಂದ್ರೆ ಕಲಿಯೋ ತನಕ ಸೂಪರ್, ಕಲಿತ ಮೇಲೆ ಕಣ್ಣು ಮುಚ್ಕೊಂಡು ಆಡ್ಬಹುದು. ಎಲ್ಲ ರ‍್ಯಾಂಡಮ್ ಆದ್ರೆ ಕಲಿಯೋಕೇ ಏನೂ ಇಲ್ಲ. ಮಧ್ಯದ ದಾರಿ ಅಂದ್ರೆ ಹೊಡೆತಗಳು ಗೊತ್ತಿರೋವೇ, ಯಾವುದು ಮೊದ್ಲು, ಯಾರ ಮೇಲೆ, ಯಾವ ಮೂಲೆಯಿಂದ ಅನ್ನೋದು ಮಾತ್ರ ಬದಲಾಗೋದು, ಅದರಲ್ಲೂ ಒಂದೇ ಹೊಡೆತ ಮೂರು ಸಲ ಸತತವಾಗಿ ಬರದ ಹಾಗೆ ಕಾವಲು ಇಡೋದು. ಜಾಡ್ ಇವತ್ತಿಗೂ ಹಳಸದೇ ಇರೋದು ಇದಕ್ಕೇ, ಇರೋದು ಎರಡೇ ಹೊಡೆತ, ಆದ್ರೆ ಮುಂದಿನದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಸತ್ತಾಗ ಏನಾಯ್ತು ಅನ್ನೋದೂ ಅಷ್ಟೇ ಸ್ಪಷ್ಟ ಇರ್ಬೇಕು. ವಾವ್‌ನ ಕಷ್ಟದ ರೈಡ್‌ಗಳಲ್ಲಿ ದೊಡ್ಡ ಗಿಲ್ಡ್‌ಗಳು (ಆಟಗಾರರ ತಂಡಗಳು) ಒಂದು ಬಾಸ್ ಮೇಲೆ ನೂರಾರು ಸಲ ಸಾಯ್ತವೆ, ಆದ್ರೂ ಬಿಡಲ್ಲ, ಯಾಕಂದ್ರೆ ಪ್ರತಿ ಸಲವೂ ಯಾರು, ಯಾವಾಗ, ಯಾವುದರಿಂದ ಸತ್ರು ಅಂತ ಲಾಗ್‌ನಲ್ಲಿ ಕಾಣತ್ತೆ, ಮುಂದಿನ ಸಲಕ್ಕೆ ಬದಲಾಯಿಸೋಕೆ ಏನಾದ್ರೂ ಇರತ್ತೆ.

ಇದನ್ನೆಲ್ಲ ನೀವೇ ನೋಡ್ಬೇಕು ಅಂದ್ರೆ ದುಡ್ಡು ಖರ್ಚು ಮಾಡೋದು ಬೇಡ. ಗಿಲ್ಡ್ ವಾರ್ಸ್ 2ರ ಮೂಲ ಗೇಮ್ 2015ರಿಂದ ಫ್ರೀ, ಫೈನಲ್ ಫ್ಯಾಂಟಸಿ 14ರ ಫ್ರೀ ಟ್ರಯಲ್‌ನಲ್ಲಿ ಲೆವೆಲ್ 70ರ ತನಕ ಆಡ್ಬಹುದು, ಎಸ್‌ಪಿ ರೋಡ್‌ನಲ್ಲಿ ಸಿಗೋ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಎರಡೂ ಓಡತ್ವೆ. ಎರಡರಲ್ಲೂ ಮೊದಲ ಡಂಜನ್‌ಗೆ ಹೋದಾಗ ಒಂದು ಸಲ ನಿಮ್ಮ ಸ್ಕಿಲ್ ಬಾರ್ ಮೇಲಿನ ಕಣ್ಣು ತೆಗೆದು ಎನಿಮಿ ಕಡೆ ಮಾತ್ರ ನೋಡ್ತಾ ಆಡಿ. ಯಾರ ಕಡೆ ತಿರುಗಿದೆ, ಹೊಡೆಯೋಕೆ ಮುಂಚೆ ಏನ್ ಮಾಡತ್ತೆ, ಮಿಸ್ ಆದ್ಮೇಲೆ ನಿಮಗೆ ಎಷ್ಟು ಟೈಮ್ ಬಿಡತ್ತೆ ಅಂತ. ಹೀಲರ್ ಆಡಿದ್ರೆ ಇನ್ನೂ ಬೇಗ ಗೊತ್ತಾಗತ್ತೆ, ಹಿಂದೆ ನಿಂತಿರೋದ್ರಿಂದ ಇಡೀ ಫೈಟ್ ಕಣ್ಮುಂದೆ ಇರತ್ತೆ, ಅದೂ ಅಲ್ದೇ ಹೀಲರ್‌ಗಳಿಗೆ ಪಾರ್ಟಿ ಬೇಗ ಸಿಗತ್ತೆ.